ಫಿಟ್ಸ್ ಬಂದ ಮಗುವಿಗೆ ಚೀನಾದ ಮಸಾಜ್: ಮಾಡಿಸಬಹುದಾ?

ಪ್ರಶ್ನೆ: ನಮ್ಮೂರು ದಾವಣಗೆರೆ. ಗಂಡನ ಕೆಲಸದ ಸಲುವಾಗಿ ಎರಡು ವರ್ಷದಿಂದ ಶಾಂಘೈನಲ್ಲಿದ್ದೇವೆ. ಮಗನಿಗೆ 16 ತಿಂಗಳು. ಹೋದ ತಿಂಗಳು ಅವನಿಗೆ ಇದ್ದಕ್ಕಿದ್ದಂತೆ 39.6 ಡಿಗ್ರಿ ಸೆಲ್ಸಿಯಸ್ ಜ್ವರ ಬಂತು. ಸಂಜೆ ಕಣ್ಣು ಮೇಲೆ ಸಿಕ್ಕಿಸಿಕೊಂಡು, ಕೈಕಾಲು ಸೆಟೆದು ಅದುರತೊಡಗಿದ. ನಾನು ಕಿರುಚಿದೆ. ಪಕ್ಕದ ಮನೆ ಅಜ್ಜಿ ಓಡಿ ಬಂದು, ಮೂಗಿನ ಕೆಳಗಿನ ಹಳ್ಳಕ್ಕೆ ಉಗುರು ಊರಿ ಒತ್ತಿದರು. ನಡುಬೆರಳಿನ ಉಗುರಿನ ಹಿಂದೆಯೂ ಚಿವುಟಿದರು. ಸ್ವಲ್ಪ ಹೊತ್ತಿಗೆ ನಿಂತಿತು, ಒಟ್ಟು ಎರಡು ನಿಮಿಷ ಇರಬಹುದು. ಆಸ್ಪತ್ರೆಯಲ್ಲಿ ನೋಡಿ, ಜ್ವರಕ್ಕೆ ಬಂದ ಫಿಟ್ಸ್, ಹೆದರಬೇಡಿ ಎಂದು ಕಳಿಸಿದರು. ಆಮೇಲೆ ಅದೇ ಅಜ್ಜಿ ಮಕ್ಕಳಿಗೆ ಮಸಾಜ್ ಮಾಡುವವರ ಹತ್ತಿರ ಕರೆದುಕೊಂಡು ಹೋದರು. ಮೂರು ದಿನ ಮುಂಗೈ ಸವರಿದರು. ಮೂರನೇ ದಿನ ಜ್ವರ ಪೂರ್ತಿ ಬಿಟ್ಟು, ಮೈಮೇಲೆಲ್ಲ ಕೆಂಪು ಗುಳ್ಳೆ ಬಂದವು. "ಒಳಗಿದ್ದ ಬಿಸಿ ಹೊರಗೆ ಬಂತು" ಎಂದರು. ನನ್ನವರು ನಗುತ್ತಾರೆ. ಊರಲ್ಲಿ ಅತ್ತೆ ಇದು ಬಾಲಗ್ರಹ, ತಾಯತ ಕಟ್ಟಿಸು ಅನ್ನುತ್ತಾರೆ. ಮಸಾಜಿನಿಂದಲೇ ವಾಸಿ ಆಯಿತಾ? ಮುಂದಿನ ಸಲಕ್ಕೆ ನಾನೇ ಕಲಿತುಕೊಳ್ಳಲಾ? ಮೇಲ್ದುಟಿ ಹತ್ತಿರ ಉಗುರಿನ ಗುರುತು ಇನ್ನೂ ಇದೆ.

ಉತ್ತರ: ಮೊದಲು ನಿಮ್ಮ ಎದೆಬಡಿತ ಇಳಿಯಲಿ. ಮಗುವಿಗೆ ಮೊದಲ ಸಲ ಫಿಟ್ಸ್ ಬಂದದ್ದನ್ನು ಕಣ್ಣಾರೆ ಕಂಡ ತಾಯಂದಿರು ಸಾಮಾನ್ಯವಾಗಿ ಒಂದೇ ಮಾತು ಹೇಳುತ್ತಾರೆ: "ಡಾಕ್ಟ್ರೇ, ಮಗು ಹೋಗೇಬಿಟ್ಟಿತು ಅನ್ನಿಸಿತು." ನಿಮಗೂ ಹಾಗೇ ಅನ್ನಿಸಿರುತ್ತದೆ. ನಾನು ಮಕ್ಕಳ ಡಾಕ್ಟರು. ಚೀನಾದ ಮಸಾಜ್ ಕಲಿತವಳಲ್ಲ. ಆದರೆ ಅದರ ಬಗ್ಗೆ ಓದಿಕೊಂಡಿದ್ದೇನೆ, ಯಾಕೆಂದರೆ ಆ ಕಡೆಯಿಂದ ರಜೆಗೆ ಬರುವ ನಮ್ಮವರು ಇದನ್ನು ಕೇಳುತ್ತಲೇ ಇರುತ್ತಾರೆ.

ಉತ್ತರದ ತಿರುಳು ನಿಮ್ಮ ಪತ್ರದಲ್ಲೇ ಇದೆ. ಎರಡು ನಿಮಿಷ ಮತ್ತು ಮೂರು ದಿನ ಎಂದು ಬರೆದಿದ್ದೀರಲ್ಲ, ಆ ಎರಡು ಅಂಕಿಗಳಲ್ಲಿ.

ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಕೆಲವರ ಮಿದುಳು ಏರುವ ಜ್ವರಕ್ಕೆ ಹೀಗೆ ಸೆಟೆದು ಉತ್ತರ ಕೊಡುತ್ತದೆ. ಅಮೆರಿಕ, ಯುರೋಪಿನಲ್ಲಿ ನೂರಕ್ಕೆ 2ರಿಂದ 5 ಮಕ್ಕಳಲ್ಲಿ ಇದು ಕಾಣುತ್ತದೆ. ಜಪಾನಿನಲ್ಲಿ ಇನ್ನೂ ಜಾಸ್ತಿ, 6ರಿಂದ 9. ಒಂದರಿಂದ ಒಂದೂವರೆ ವರ್ಷದ ಆಸುಪಾಸಿನಲ್ಲೇ ಹೆಚ್ಚು. ಮನೆಯಲ್ಲಿ ಹಿಂದೆ ಯಾರಿಗಾದರೂ ಬಂದಿದ್ದರೆ ಮಗುವಿಗೂ ಬರುವ ಸಾಧ್ಯತೆ ಹೆಚ್ಚು. ನಿಮ್ಮ ಯಜಮಾನರಿಗೆ ಚಿಕ್ಕಂದಿನಲ್ಲಿ ಬಂದಿತ್ತಾ ಎಂದು ಅತ್ತೆಯನ್ನು ಒಮ್ಮೆ ಕೇಳಿ. ಎಷ್ಟೋ ಮನೆಗಳಲ್ಲಿ ಈ ಸಂಗತಿ ಹೊರಬೀಳುವುದೇ ಮೊಮ್ಮಗುವಿಗೆ ಬಂದ ಮೇಲೆ.

ಈ ಫಿಟ್ಸ್ ಬಹುಪಾಲು ಒಂದೆರಡು ಮೂರು ನಿಮಿಷದಲ್ಲಿ ತಾನಾಗೇ ನಿಲ್ಲುತ್ತದೆ. ಅಂದರೆ ಆ ಎರಡು ನಿಮಿಷದಲ್ಲಿ ಯಾರು ಏನು ಮಾಡಿದರೂ, ಅದರಿಂದಲೇ ನಿಂತ ಹಾಗೆ ಕಾಣುತ್ತದೆ. ಶಾಂಘೈನಲ್ಲಿ ಮೂಗಿನ ಕೆಳಗೆ ಚಿವುಟುತ್ತಾರೆ. ನಮ್ಮಲ್ಲಿ ಕೈಗೆ ಬೀಗದ ಕೈ ಗೊಂಚಲು ಕೊಡುತ್ತಾರೆ, ಈರುಳ್ಳಿ ಜಜ್ಜಿ ಮೂಗಿಗೆ ಹಿಡಿಯುತ್ತಾರೆ. ಎಲ್ಲವೂ ಗೆದ್ದಂತೆಯೇ ಕಾಣುತ್ತವೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಂತಾರಲ್ಲ, ಅದೇ.

ಇನ್ನು ಮೂರು ದಿನದ ಲೆಕ್ಕ. ಏಕಾಏಕಿ ಜೋರು ಜ್ವರ, ಮೂರ್ನಾಲ್ಕು ದಿನ ಇದ್ದು ಥಟ್ಟನೆ ಬಿಡುವುದು, ಬಿಟ್ಟ ಮೇಲೆ ಎದೆ ಬೆನ್ನಿನ ಮೇಲೆ ಸಣ್ಣ ಕೆಂಪು ಗುಳ್ಳೆ. ಇದನ್ನು ಓದಿದ ಯಾವ ಮಕ್ಕಳ ಡಾಕ್ಟರಿಗಾದರೂ ಮೊದಲು ನೆನಪಾಗುವುದು ರೋಸಿಯೋಲಾ. ಒಂದು ಬಗೆಯ ಹರ್ಪಿಸ್ ವೈರಸ್ಸಿನಿಂದ ಬರುವ ಸೋಂಕು. ಆರು ತಿಂಗಳಿಂದ ಎರಡು ವರ್ಷದ ಮಕ್ಕಳಿಗೆ ಜಾಸ್ತಿ. ಜ್ವರದ ಫಿಟ್ಸ್ ತರುವುದರಲ್ಲಿ ಇದು ಹೆಸರುವಾಸಿ. ಮಗನನ್ನು ನಾನು ನೋಡಿಲ್ಲ, ಹಾಗಾಗಿ ಅದೇ ಎಂದು ಖಚಿತವಾಗಿ ಹೇಳಲಾರೆ. ಆದರೆ ಹಾಗಿದ್ದ ಪಕ್ಷದಲ್ಲಿ ಮೂರು ದಿನ ಮುಂಗೈ ಸವರಿದ್ದರೂ ಸವರದಿದ್ದರೂ ಜ್ವರ ಬಿಡುತ್ತಿತ್ತು, ಗುಳ್ಳೆ ಬರುತ್ತಿತ್ತು. ಮಸಾಜ್ ಮಾಡಿದವರು ಸುಳ್ಳು ಹೇಳಿದರು ಅಂತಲ್ಲ. ಅವರ ಕಣ್ಣಿಗೆ ಕಂಡದ್ದನ್ನು ಅವರ ಶಾಸ್ತ್ರದ ಭಾಷೆಯಲ್ಲಿ ಹೇಳಿದರು.

ಆ ಶಾಸ್ತ್ರ ಏನೆಂದು ಸ್ವಲ್ಪ ಹೇಳಲೇಬೇಕು. ನಿಮ್ಮ ಯಜಮಾನರು ನಗುವಷ್ಟು ಹಗುರದ್ದಲ್ಲ ಅದು.

ಮಕ್ಕಳ ಮಸಾಜಿಗೆ ಅಲ್ಲಿ ಶಿಯಾವೊ-ಅರ್ ತುಯ್‌ನಾ ಎನ್ನುತ್ತಾರೆ. ತುಯ್ ಅಂದರೆ ತಳ್ಳು, ನಾ ಅಂದರೆ ಹಿಡಿ. ಫಿಟ್ಸಿಗೆ ಜಿಂಗ್‌ಫೆಂಗ್ ಎಂದು ಹೆಸರು. ಜಿಂಗ್ ಎಂದರೆ ಬೆಚ್ಚಿಬೀಳುವುದು, ಫೆಂಗ್ ಎಂದರೆ ಗಾಳಿ. ನಮ್ಮ ಅಜ್ಜಿಯರು "ಮಗು ಹೆದರಿಕೊಂಡಿದೆ, ಗಾಳಿ ಸೋಕಿದೆ" ಎನ್ನುತ್ತಿದ್ದರು, ನೆನಪಿದೆಯಾ? ಹಿಮಾಲಯದ ಆ ಕಡೆ ಈ ಕಡೆ ಇಬ್ಬರಿಗೂ ಹೊಳೆದದ್ದು ಅದೇ ಎರಡು ಮಾತು. ಸಿಡುಬು, ದಡಾರದಂಥ ಗುಳ್ಳೆ ಜ್ವರ, ಮಗು ಬಡಕಲಾಗುವ ಕಾಯಿಲೆ, ಇವುಗಳ ಜೊತೆ ಫಿಟ್ಸನ್ನೂ ಸೇರಿಸಿ ಮಕ್ಕಳ ನಾಲ್ಕು ದೊಡ್ಡ ಕಾಯಿಲೆ ಎಂದು ಹಳೇ ಚೀನೀ ವೈದ್ಯರು ಎಣಿಸುತ್ತಿದ್ದರು.

ಅವರಲ್ಲಿ ನನಗೆ ಇಷ್ಟವಾದವನು ಚಿಯೆನ್ ಯೀ. ಸೊಂಗ್ ರಾಜವಂಶದ ಕಾಲದವನು, ಶಾಂದೊಂಗ್ ಕಡೆಯವನು. ಚಕ್ರವರ್ತಿ ಶೆನ್‌ಝೊಂಗನ ಮಗನಿಗೆ ಸೆಳೆತ ಬಂದಾಗ ಈತ ಒಲೆಯೊಳಗಿನ ಸುಟ್ಟ ಮಣ್ಣು ಹಾಕಿದ ಕಷಾಯ ಕೊಟ್ಟ, ಮಗು ಚೇತರಿಸಿಕೊಂಡಿತು ಎಂದು ಆ ರಾಜವಂಶದ ಚರಿತ್ರೆಯಲ್ಲೇ ಬರೆದಿದೆ. ಒಲೆಯ ಮಣ್ಣು ಎಷ್ಟು ಕೆಲಸ ಮಾಡಿತೋ, ಹೊತ್ತು ಎಷ್ಟು ಕೆಲಸ ಮಾಡಿತೋ, ಈಗ ಹೇಳುವವರಾರು! ಆದರೆ ಚಿಯೆನ್ ಯೀ ಮಾಡಿದ ಬೇರೊಂದು ಕೆಲಸ ನಿಜಕ್ಕೂ ದೊಡ್ಡದು. ಎಲ್ಲ ಫಿಟ್ಸೂ ಒಂದೇ ಅಲ್ಲ ಎಂದ. ಜೋರು ಜ್ವರದ ಜೊತೆ ಗಟ್ಟಿಮುಟ್ಟಾದ ಮಗುವಿಗೆ ಒಮ್ಮೆಲೇ ಬರುವುದು ಒಂದು ಬಗೆ. ಬಹಳ ದಿನ ವಾಂತಿ, ಭೇದಿ ಆಗಿ ಸೊರಗಿ, ಮೈ ತಣ್ಣಗಾದ ಮಗುವಿಗೆ ಬರುವುದು ಇನ್ನೊಂದು ಬಗೆ. ಒಂದರ ಔಷಧಿಯನ್ನು ಇನ್ನೊಂದಕ್ಕೆ ಕೊಡಬೇಡಿ ಎಂದ. ಅವನ ಮಾತುಗಳನ್ನು ಒಟ್ಟುಮಾಡಿದ ಪುಸ್ತಕ ಹೊರಬಂದದ್ದು 1119ರಲ್ಲಿ. ಇಂದಿನ ಕಣ್ಣಿನಿಂದ ನೋಡಿದರೆ ಮೊದಲನೆಯದರಲ್ಲಿ ನಿಮ್ಮ ಮಗನಂಥವರು ಸಿಗುತ್ತಾರೆ. ಎರಡನೆಯದರಲ್ಲಿ ಮೈಯಲ್ಲಿ ನೀರು, ಉಪ್ಪು, ಸಕ್ಕರೆ ಕಡಿಮೆಯಾದ ಮಕ್ಕಳು ಸಿಗುತ್ತಾರೆ. ನಾವು ಇವತ್ತೂ ಮೊದಲು ಕೇಳುವ ಪ್ರಶ್ನೆ ಇದೇ: ಫಿಟ್ಸ್ ಬರುವ ಮೊದಲು ಮಗು ಹೇಗಿತ್ತು?

ಮಸಾಜಿನ ಪಾಠ ಬರವಣಿಗೆಗೆ ಇಳಿದದ್ದು ಅದಕ್ಕೂ ಸುಮಾರು ಐನೂರು ವರ್ಷ ಆದ ಮೇಲೆ, ಮಿಂಗ್ ಕಾಲದಲ್ಲಿ. 1601ರಲ್ಲಿ ಯಾಂಗ್ ಜಿಝೌ ಹೊರತಂದ ಸೂಜಿಚಿಕಿತ್ಸೆಯ ದೊಡ್ಡ ಗ್ರಂಥದ ಕೊನೆಯಲ್ಲಿ ಮಕ್ಕಳ ಮಸಾಜಿನ ಭಾಗವೊಂದಿದೆ. ಮಕ್ಕಳಿಗೆ ಸೂಜಿ ಚುಚ್ಚುವುದು ಕಷ್ಟ, ಕಹಿ ಕಷಾಯ ಕುಡಿಸುವುದು ಇನ್ನೂ ಕಷ್ಟ. ಕೈಯಲ್ಲೇ ಆಗುವ ಚಿಕಿತ್ಸೆ ಬೆಳೆದದ್ದರಲ್ಲಿ ಆಶ್ಚರ್ಯವಿಲ್ಲ.

ನಿಮ್ಮ ಮಗನ ಮುಂಗೈಯಲ್ಲಿ ಅವರು ಮಾಡಿದ್ದು ಏನೆಂದು ಊಹಿಸಬಲ್ಲೆ. ಅಂಗೈ ಮೇಲಾಗಿಸಿ, ಎರಡು ಬೆರಳನ್ನು ನೀರಲ್ಲೋ ಟಾಲ್ಕಂ ಪುಡಿಯಲ್ಲೋ ಅದ್ದಿ, ಮಣಿಕಟ್ಟಿನಿಂದ ಮೊಣಕೈ ಮಡಿಕೆಯವರೆಗೆ ಒಂದೇ ದಿಕ್ಕಿಗೆ, ಸರಸರ, ನೂರಾರು ಸಲ. ಅಲ್ವಾ? ಆ ಗೆರೆಗೆ ತಿಯೆನ್‌ಹೆ ಶುಯಿ ಎಂದು ಹೆಸರು, ಆಕಾಶಗಂಗೆಯ ನೀರು ಎಂದು ಅರ್ಥ. ಒಳಗಿನ ಬಿಸಿಯನ್ನು ಅದು ತೊಳೆಯುತ್ತದೆ ಎಂಬ ನಂಬಿಕೆ. ಕಿರುಬೆರಳಿನ ಕಡೆ ಮೊಣಕೈಯಿಂದ ಮಣಿಕಟ್ಟಿಗೆ ಎಳೆದರೆ ಇನ್ನೂ ಜೋರು ತಂಪು. ಹೆಬ್ಬೆರಳಿನ ಕಡೆ ಮಣಿಕಟ್ಟಿನಿಂದ ಮೇಲಕ್ಕೆ ಎಳೆದರೆ ಬಿಸಿ. ದೊಡ್ಡವರ ಮೈಯಲ್ಲಿ ಚುಕ್ಕಿಗಳಂತಿರುವ, ಸೂಜಿ ಚುಚ್ಚುವ ಜಾಗಗಳು ಮಕ್ಕಳ ಕೈಯಲ್ಲಿ ಗೆರೆಗಳಾಗುತ್ತವೆ, ಐದು ಬೆರಳಿಗೆ ಐದು ಅಂಗಗಳು. ತೋರುಬೆರಳು ಲಿವರಿನದು. ಫಿಟ್ಸಿನ ಗಾಳಿ ಏಳುವುದು ಲಿವರಿನಿಂದ ಎಂದು ಅವರ ಲೆಕ್ಕ, ಹಾಗಾಗಿ ತೋರುಬೆರಳನ್ನೂ ತಿಕ್ಕಿರಬಹುದು.

ಅಂಗೈಯ ಬುಡದಲ್ಲಿ ಇನ್ನೊಂದು ಜಾಗ ಇದೆ, ಶಿಯಾವೊ ತಿಯೆನ್‌ಶಿನ್. ಅದರ ನಿಯಮ ಓದಿ ನಾನು ನಕ್ಕದ್ದೂ ಉಂಟು, ಬೆರಗಾದದ್ದೂ ಉಂಟು. ಮಗುವಿನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡರೆ ಅಲ್ಲಿ ಕೆಳಮುಖವಾಗಿ ಕುಟ್ಟಬೇಕು. ಎಡಕ್ಕೆ ತಿರುಗಿದರೆ ಬಲಮುಖವಾಗಿ. ಕುಟ್ಟುವುದರಿಂದ ಕಣ್ಣು ತಿರುಗಿ ಬರುವುದಿಲ್ಲ, ಬಿಡಿ. ಆದರೆ ಇದನ್ನು ಬರೆದವರು ಮಗುವಿನ ಕಣ್ಣು ಯಾವ ಕಡೆ ಹೋಯಿತು ಎಂದು ಗಮನಿಸಿದ್ದರಲ್ಲ! ಫಿಟ್ಸ್ ಬಂದ ಮಗುವನ್ನು ಕರೆತರುವ ಅಪ್ಪ ಅಮ್ಮಂದಿರನ್ನು ನಾನೂ ಇದನ್ನೇ ಕೇಳುತ್ತೇನೆ. ಕಣ್ಣು, ಕತ್ತು ಒಂದೇ ಪಕ್ಕಕ್ಕೆ ಎಳೆದಿದ್ದರೆ, ಒಂದೇ ಕೈ ಅದುರಿದ್ದರೆ, ಅದು ಮಾಮೂಲಿ ಜ್ವರದ ಫಿಟ್ಸಿಗಿಂತ ಬೇರೆ. ಹೆಚ್ಚು ನೋಡಬೇಕಾಗುತ್ತದೆ.

ಈಗ ಅಜ್ಜಿ ಉಗುರು ಊರಿದ ವಿಚಾರ. ಮೂಗಿನ ಕೆಳಗಿನ ಹಳ್ಳ ರೆನ್‌ಝೊಂಗ್. ನಡುಬೆರಳಿನ ಉಗುರಿನ ಹಿಂದಿನದು ಲಾವೊಲೊಂಗ್, ಮುದಿ ಡ್ರ್ಯಾಗನ್. ಪ್ರಜ್ಞೆ ತಪ್ಪಿದವರನ್ನು ಎಬ್ಬಿಸಲು ಇಲ್ಲಿ ಚಿವುಟಬೇಕೆಂದು ಪರಂಪರೆ ಹೇಳುತ್ತದೆ. ಅಲ್ಲಿ ಒತ್ತಿದರೆ ಸಿಕ್ಕಾಪಟ್ಟೆ ನೋವಾಗುತ್ತದೆ, ಬೇಕಾದರೆ ನಿಮ್ಮ ಮೇಲೆ ಮಾಡಿ ನೋಡಿ. ತಲೆ ಸುತ್ತಿ ಬಿದ್ದ ದೊಡ್ಡವರು ಆ ನೋವಿಗೆ ಕಣ್ಣು ಬಿಟ್ಟರೂ ಬಿಟ್ಟಾರು. ಫಿಟ್ಸ್ ಹಾಗಲ್ಲ. ಆಗ ಮಿದುಳಿನ ಲಕ್ಷಾಂತರ ನರಕೋಶಗಳು ಒಟ್ಟಿಗೇ ಮಿಡಿಯುತ್ತಿರುತ್ತವೆ. ತುಟಿಯ ಮೇಲಿನ ನೋವು ಅದನ್ನು ನಿಲ್ಲಿಸುತ್ತದೆ ಎನ್ನಲು ನಂಬುವಂಥ ಪುರಾವೆ ಇಲ್ಲ. ಚೀನಾದ ಆಸ್ಪತ್ರೆಗಳ ಮಕ್ಕಳ ಡಾಕ್ಟರುಗಳೇ ತಮ್ಮ ಜನರಿಗೆ ರೆನ್‌ಝೊಂಗ್ ಚಿವುಟಬೇಡಿ ಎಂದು ತಿಳಿಹೇಳುತ್ತಾರೆ. ಚರ್ಮ ಹರಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಚಿವುಟಲು ಮಗುವನ್ನು ಅಂಗಾತ ಮಲಗಿಸಿ ತಲೆ ಗಟ್ಟಿ ಹಿಡಿಯಬೇಕು. ಬಾಯಲ್ಲಿ ಜೊಲ್ಲು, ವಾಂತಿ ಇದ್ದರೆ ಅದು ಉಸಿರಿನ ದಾರಿಗೆ ಇಳಿಯುವುದು ಹಾಗೆ ಮಲಗಿದಾಗಲೇ.

ಹೀಗಾಗಿ ಕಲಿತುಕೊಳ್ಳಲಾ ಎಂಬ ಪ್ರಶ್ನೆಗೆ: ಫಿಟ್ಸ್ ನಡೆಯುತ್ತಿರುವಾಗ ಮಾಡಲಿಕ್ಕಾದರೆ ಕಲಿಯಬೇಡಿ. ಆ ಹೊತ್ತಿನಲ್ಲಿ ಮಗುವಿಗೆ ಬೇಕಾದ ಕೈಗಳ ಕೆಲಸ ಬೇರೆಯೇ ಇದೆ.

ನಾನು ಹೌಸ್ ಸರ್ಜನ್ ಆಗಿದ್ದಾಗ ಒಂದು ರಾತ್ರಿ ಎರಡು ವರ್ಷದ ಹುಡುಗಿಯನ್ನು ಎತ್ತಿಕೊಂಡು ಬಂದರು. ಫಿಟ್ಸ್ ದಾರಿಯಲ್ಲೇ ನಿಂತಿತ್ತು. ಆದರೆ ಬಾಯ್ತುಂಬ ರಕ್ತ. ನಾಲಗೆ ಕಚ್ಚಿಕೊಳ್ಳುತ್ತಾಳೆಂದು ಚಿಕ್ಕಪ್ಪ ಸ್ಟೀಲ್ ಚಮಚ ತುರುಕಿದ್ದರು. ಮುಂದಿನ ಎರಡು ಹಾಲುಹಲ್ಲು ಮುರಿದಿದ್ದವು. ಒಂದರ ಚೂರು ಸಿಕ್ಕಿತು, ಇನ್ನೊಂದು ಸಿಗಲಿಲ್ಲ. ಅದು ಶ್ವಾಸಕೋಶಕ್ಕೆ ಇಳಿದಿದೆಯೋ ಹೊಟ್ಟೆಗೋ ಎಂದು ಎಕ್ಸ್‌ರೇ ಬರುವವರೆಗೆ ನಮ್ಮೆಲ್ಲರ ಜೀವ ಬಾಯಿಗೆ ಬಂದಿತ್ತು. ಹೊಟ್ಟೆಯಲ್ಲಿತ್ತು, ಪುಣ್ಯ. ಆ ಚಿಕ್ಕಪ್ಪ ಮೂಲೆಯಲ್ಲಿ ಚಮಚ ಹಿಡಿದುಕೊಂಡೇ ನಿಂತಿದ್ದರು. ಆ ಮಗುವಿಗೆ ಪೆಟ್ಟಾದದ್ದು ಫಿಟ್ಸಿನಿಂದಲ್ಲ, ಉಪಚಾರದಿಂದ.

ಹಾಗಾದರೆ ಏನು ಮಾಡಬೇಕು? ಮಗುವನ್ನು ನೆಲದ ಮೇಲೋ ಮಂಚದ ನಡುವೆಯೋ ಒಂದು ಮಗ್ಗುಲಿಗೆ ಮಲಗಿಸಿ, ಬಾಯಿ ಸ್ವಲ್ಪ ಕೆಳಮುಖವಾಗಿರಲಿ. ಕತ್ತಿನ ಗುಂಡಿ ಬಿಚ್ಚಿ. ಬಾಯಿಗೆ ಚಮಚ, ಬೆರಳು, ನೀರು, ಸಿರಪ್ಪು ಯಾವುದೂ ಬೇಡ. ಕೈಕಾಲು ಅದುಮಿ ಹಿಡಿಯಬೇಡಿ. ಮತ್ತೆ ಗಡಿಯಾರ ನೋಡಿ. ಇದೇ ಕಷ್ಟದ ಕೆಲಸ, ಯಾಕೆಂದರೆ ಆಗ ಒಂದು ನಿಮಿಷ ಒಂದು ಗಂಟೆಯಂತೆ ಅನ್ನಿಸುತ್ತದೆ. ಮನೆಯಲ್ಲಿ ಇನ್ನೊಬ್ಬರಿದ್ದರೆ ಮೊಬೈಲಿನಲ್ಲಿ ವಿಡಿಯೋ ಮಾಡಲಿ. ನಾಚಿಕೆಪಡಬೇಡಿ. ಆ ಮೂವತ್ತು ಸೆಕೆಂಡಿನ ವಿಡಿಯೋ ಅರ್ಧ ಗಂಟೆಯ ವಿವರಣೆಗಿಂತ ನಮಗೆ ಜಾಸ್ತಿ ಹೇಳುತ್ತದೆ. ಐದು ನಿಮಿಷವಾದರೂ ನಿಲ್ಲದಿದ್ದರೆ ಅಲ್ಲಿ 120ಕ್ಕೆ ಫೋನ್ ಮಾಡಿ, ಊರಿಗೆ ಬಂದಾಗ 108ಕ್ಕೆ. ತುಟಿ ನೀಲಿಗಟ್ಟಿ ಉಸಿರಾಟ ಸರಿಯಿಲ್ಲ ಎನ್ನಿಸಿದರೆ ಐದು ನಿಮಿಷವೂ ಕಾಯಬೇಡಿ.

ಐದು ನಿಮಿಷ ಮೀರಿದ ಫಿಟ್ಸ್ ತಾನಾಗೇ ನಿಲ್ಲುವ ಸಾಧ್ಯತೆ ಕಡಿಮೆಯಾಗುತ್ತಾ ಹೋಗುತ್ತದೆ. ಆಗ ಬೇಕಾದದ್ದು ಔಷಧಿ. ನಮ್ಮಲ್ಲಿ ಇಂಥ ಮಕ್ಕಳ ಮನೆಗೆ ಮೂಗಿಗೆ ಹೊಡೆಯುವ ಮಿಡಜೋಲಾಮ್ ಸ್ಪ್ರೇ ಬರೆದುಕೊಡುವುದುಂಟು. ಮಗುವಿನ ತೂಕ ನೋಡಿ ಎಷ್ಟು ಪಫ್ ಎಂದು ಡಾಕ್ಟರೇ ಹೇಳಬೇಕು. ಅಲ್ಲಿ ಮನೆಯಲ್ಲಿಟ್ಟುಕೊಳ್ಳಲು ಏನು ಕೊಡುತ್ತಾರೆ ಎಂದು ನಿಮ್ಮ ಡಾಕ್ಟರನ್ನು ಕೇಳಿ.

ಫಿಟ್ಸ್ ನಿಂತ ಮೇಲೆ ಮಗು ಸ್ವಲ್ಪ ಹೊತ್ತು ಮಂಪರಿನಲ್ಲಿರುತ್ತದೆ, ಅದು ಸಹಜ. ಆದರೆ ಎಬ್ಬಿಸಿದರೂ ಏಳದಿದ್ದರೆ, ಕತ್ತು ಬಿಗಿಯಾಗಿದ್ದರೆ, ಬಿಟ್ಟೂಬಿಡದೆ ವಾಂತಿ ಮಾಡುತ್ತಿದ್ದರೆ, ಒಂದೇ ದಿನದಲ್ಲಿ ಎರಡನೇ ಸಲ ಬಂದರೆ, ಅದು ಮಿದುಳು ಜ್ವರವೂ ಇರಬಹುದು. ಆಗ ಒಂದು ಗಂಟೆ ತಡವಾದರೂ ನಷ್ಟ. ನನ್ನ ನಿಜವಾದ ಭಯ ಇದು. ಮಸಾಜಿನಿಂದ ಮಗುವಿಗೆ ಕೆಡುಕಾಗುತ್ತದೆ ಎಂದು ನಾನು ಹೆದರುವುದಿಲ್ಲ. ಮಸಾಜ್ ಮಾಡಿಸುತ್ತಾ ಕೂತು ಆಸ್ಪತ್ರೆಗೆ ತಡ ಮಾಡುತ್ತಾರೆಂದು ಹೆದರುತ್ತೇನೆ. ನೀವು ಮೊದಲು ಆಸ್ಪತ್ರೆಗೆ ಹೋದಿರಿ, ಆಮೇಲೆ ಮಸಾಜಿಗೆ. ಆ ಕ್ರಮ ಸರಿಯಾಗಿಯೇ ಇತ್ತು.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಮಸಾಜ್ ಬೇರೆ, ಅದರ ಜೊತೆ ಕೊಡುವ ಉಂಡೆ, ಪುಡಿ ಬೇರೆ. ಜಿಂಗ್‌ಫೆಂಗಿಗೆಂದು ಕೊಡುವ ಕೆಲವು ಹಳೇ ಔಷಧಿಗಳಲ್ಲಿ ಇಂಗಳೀಕ ಇರುತ್ತದೆ, ಅಂದರೆ ಪಾದರಸ ಮತ್ತು ಗಂಧಕದ ಕೆಂಪು ಖನಿಜ. ಹೆಸರುವಾಸಿಯಾದ ಆನ್‌ಗೊಂಗ್ ನಿಯುಹುವಾಂಗ್ ಉಂಡೆಯಲ್ಲಿ ಇಂಗಳೀಕದ ಜೊತೆ ಆರ್ಸೆನಿಕ್ ಇರುವ ಮಣಿಶಿಲೆಯೂ ಇದೆ. ಬೆಳೆಯುವ ಮಿದುಳಿಗೆ ಇವು ಬೇಡವೇ ಬೇಡ. ಇದು ಚೀನಾಕ್ಕೆ ಬಯ್ಯುವ ಮಾತಲ್ಲ. ನಮ್ಮಲ್ಲೂ ಪಾದರಸ ಬೆರೆತ ರಸೌಷಧಿಗಳಿವೆ, ಅವಕ್ಕೂ ಇದೇ ಮಾತು. ಅಜ್ಜಿ ಪ್ರೀತಿಯಿಂದ ಡಬ್ಬಿ ತಂದುಕೊಟ್ಟರೆ ಥ್ಯಾಂಕ್ಸ್ ಹೇಳಿ ಇಸಿದುಕೊಳ್ಳಿ. ಮಗುವಿಗೆ ಕೊಡಬೇಡಿ. ಹಾಗೆಯೇ ಬೆರಳತುದಿ ಚುಚ್ಚಿ ನಾಲ್ಕು ಹನಿ ರಕ್ತ ತೆಗೆಯುತ್ತೇವೆ ಎಂದರೆ ಒಪ್ಪಬೇಡಿ.

ಮಗು ಆರಾಮಾಗಿರುವ ದಿನಗಳಲ್ಲಿ ಮುಂಗೈ ಸವರಿಸುವುದಕ್ಕೆ, ಬೆನ್ನು ನೀವಿಸುವುದಕ್ಕೆ ನನ್ನ ಅಡ್ಡಿ ಇಲ್ಲ. ನಾವೂ ಕೂಸುಗಳಿಗೆ ಎಣ್ಣೆ ತಿಕ್ಕಿ ಬಿಸಿನೀರು ಹಾಕಿಕೊಂಡು ಬಂದವರೇ. ಮಗುವಿಗೆ ಹಿತ, ನಿದ್ದೆ ಚೆನ್ನಾಗಿ ಬರುತ್ತದೆ, ಹೆದರಿದ ತಾಯಿಯ ಕೈಗೂ ಒಂದು ಕೆಲಸ ಸಿಗುತ್ತದೆ. ಈ ಕೊನೆಯದನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಚರ್ಮ ಒಡೆದಿರಬಾರದು, ಗುಳ್ಳೆ ಇರಬಾರದು, ಮಗು ಅಳುತ್ತಿದ್ದರೆ ನಿಲ್ಲಿಸಬೇಕು, ಅಷ್ಟೇ. ಹುಡುಗರಿಗೆ ಎಡಗೈ, ಹುಡುಗಿಯರಿಗೆ ಬಲಗೈ ಎಂಬ ಹಳೇ ಕಟ್ಟಳೆಯನ್ನು ಈಗ ಅಲ್ಲೂ ಎಷ್ಟೋ ಜನ ಪಾಲಿಸುವುದಿಲ್ಲ. ಆದರೆ ಇದರಿಂದ ಮುಂದೆ ಫಿಟ್ಸ್ ಬರುವುದಿಲ್ಲ ಎಂದು ಯಾರಾದರೂ ಹತ್ತು ಸಿಟಿಂಗಿನ ದುಡ್ಡು ಕೇಳಿದರೆ ಕೊಡಬೇಡಿ.

ಮುಂದೆ ಬರಬಹುದಾ? ಬರಬಹುದು. ಒಮ್ಮೆ ಬಂದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಇನ್ನೊಮ್ಮೆ ಬರುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡಿ, ಮಗುವಿಗೆ ಹಾಯೆನಿಸಲಿ. ಅದು ಫಿಟ್ಸನ್ನು ತಡೆಯುತ್ತದೆ ಎಂದು ನಂಬಿ ಎರಡು ಗಂಟೆಗೊಮ್ಮೆ ಕೊಡಬೇಡಿ. ತಡೆಯುವುದಿಲ್ಲ, ಜಾಸ್ತಿಯಾದರೆ ಲಿವರಿಗೆ ಪೆಟ್ಟು. ತಣ್ಣೀರಲ್ಲಿ ಮುಳುಗಿಸುವುದೂ ಬೇಡ. ಇಂಥ ಮಾಮೂಲಿ ಜ್ವರದ ಫಿಟ್ಸ್ ಬಂದ ಮಕ್ಕಳಲ್ಲಿ ಮುಂದೆ ಮೂರ್ಛೆರೋಗ ಬರುವುದು ನೂರಕ್ಕೆ ಒಂದೆರಡು ಜನರಿಗೆ ಮಾತ್ರ. ಬುದ್ಧಿ, ಓದು ಯಾವುದಕ್ಕೂ ತೊಂದರೆಯಿಲ್ಲ. ಡಾಕ್ಟರು ಸ್ಕ್ಯಾನು, ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಮಾಡಿಸದೆ ಕಳಿಸಿದರೆಂದು ಬೇಜಾರಾಗಬೇಡಿ, ಇಂಥದಕ್ಕೆ ಅವು ಬೇಕಾಗುವುದಿಲ್ಲ. ಲಸಿಕೆಗಳನ್ನು ಮಾತ್ರ ನಿಲ್ಲಿಸಬೇಡಿ.

ಈ ಧೈರ್ಯವೆಲ್ಲ ಜ್ವರದ ಜೊತೆ ಬರುವ ಫಿಟ್ಸಿಗೆ. ಜ್ವರವಿಲ್ಲದೆ ಬಂದರೆ ಕತೆ ಬೇರೆ. ಈ ಸಾಲು ನಿಮ್ಮ ಮಗನಿಗಲ್ಲ, ಎಳೆಗೂಸು ಇರುವ ಬೇರೆ ಓದುಗರಿಗೆ: ನಾಲ್ಕಾರು ತಿಂಗಳ ಕೂಸು ನಿದ್ದೆಯಿಂದ ಎದ್ದಾಗ ಕತ್ತು ಮುಂದೆ ಬಾಗಿಸಿ, ಕೈ ಅಗಲಿಸಿ, ನಮಸ್ಕಾರ ಮಾಡಿದ ಹಾಗೆ ಮತ್ತೆ ಮತ್ತೆ ಬೆಚ್ಚುತ್ತಿದ್ದರೆ ಅದನ್ನು ಹೊಟ್ಟೆನೋವು, ದೃಷ್ಟಿ ಎಂದು ಸುಮ್ನೆ ಬಿಡಬೇಡಿ. ಅದು ಒಂದು ಕೆಟ್ಟ ಬಗೆಯ ಫಿಟ್ಸ್ ಇರಬಹುದು. ವಾರಗಟ್ಟಲೆ ತಡವಾದರೆ ಮಗುವಿನ ಬೆಳವಣಿಗೆಗೇ ಏಟು. ಯಾವ ಮಸಾಜೂ ಅಲ್ಲಿ ನಡೆಯುವುದಿಲ್ಲ.

ಅತ್ತೆಯವರ ತಾಯತದ ವಿಚಾರ. ಕಟ್ಟಿಸಿದರೆ ಅವರಿಗೆ ಸಮಾಧಾನ ಎನ್ನುವುದಾದರೆ ಕಟ್ಟಿಸಿ, ಕತ್ತಿಗೆ ಮಾತ್ರ ಬೇಡ. ದಾರ ಬಿಗಿದುಕೊಳ್ಳುತ್ತದೆ, ಮಗು ಬಾಯಿಗೂ ಹಾಕಿಕೊಳ್ಳುತ್ತದೆ. ಆದರೆ ಊರಿಗೆ ಬಂದಾಗ ಯಾರಾದರೂ ಬಾಲಗ್ರಹಕ್ಕೆ ಬರೆ ಹಾಕಿಸೋಣ ಎಂದರೆ ಮಗುವನ್ನು ಎತ್ತಿಕೊಂಡು ಎದ್ದು ಬನ್ನಿ. ಬಳೆ ಕಾಯಿಸಿ ಇಟ್ಟ ಬರೆಗಳನ್ನು ಪುಟ್ಟ ಹೊಟ್ಟೆಗಳ ಮೇಲೆ ಬೇಕಾದಷ್ಟು ನೋಡಿದ್ದೇನೆ.

ಪಕ್ಕದ ಮನೆ ಅಜ್ಜಿಯ ಜೊತೆ ಜಗಳ ಮಾಡಿಕೊಳ್ಳಬೇಡಿ. ಪರದೇಶದಲ್ಲಿ ಕಿರುಚಿದ ಕೂಡಲೇ ಓಡಿ ಬರುವವರು ಸುಲಭಕ್ಕೆ ಸಿಗುವುದಿಲ್ಲ. ಮಗ್ಗುಲಿಗೆ ಮಲಗಿಸುವುದನ್ನು ಒಂದು ಸಂಜೆ ಗೊಂಬೆಯ ಮೇಲೆ ಅವರಿಗೆ ತೋರಿಸಿಕೊಡಿ. ಮುಂದಿನ ಸಲ ಮಗನ ಹತ್ತಿರ ನಿಮಗಿಂತ ಮೊದಲು ಅವರೇ ಇರಬಹುದು.

ಮೇಲ್ದುಟಿಯ ಗುರುತಿಗೆ ಏನೂ ಹಚ್ಚುವುದು ಬೇಡ, ಒಂದೆರಡು ತಿಂಗಳಲ್ಲಿ ಮಾಸಬೇಕು. ಕೆಂಪಾಗಿ ಊದಿಕೊಂಡರೆ, ಕೀವು ಕಂಡರೆ ಮಾತ್ರ ತೋರಿಸಿ.